ದ್ರಾವಣದ ಸಾರತೆ ಮತ್ತು ಮಗುವಿನ ಪ್ರಾಣ



ಉಪ್ಪು, ಸಕ್ಕರೆ, ನೀರು ಪ್ರತಿ ಮನೆಯಲ್ಲಿಯೂ ಇರುವ ವಸ್ತುಗಳು. ಇವುಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿದರೆ ಅತಿಸಾರದಿಂದ ಬಳಲುವ ಮಗುವಿಗೆ ಅದು ಜೀವಜಲವಾಗುತ್ತದೆ. ಪ್ರಮಾಣ ತಪ್ಪಿದರೆ ಅದೇ ದ್ರಾವಣವು ಅಪಾಯವನ್ನು ತರಬಲ್ಲದು. ಈ ವ್ಯತ್ಯಾಸವನ್ನು ನಿರ್ಧರಿಸುವುದು ದ್ರಾವಣದ ಸಾರತೆ.

ಕರಗಿದ ವಸ್ತುವಿನ ತೂಕವನ್ನು ದ್ರಾವಣದ ಗಾತ್ರದಿಂದ ಭಾಗಿಸಿದಾಗ ಸಾರತೆ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಶಿಫಾರಸು ಮಾಡಿದ ಸೂತ್ರದಂತೆ, ಒಂದು ಲೀಟರ್ ದ್ರಾವಣಕ್ಕಾಗಿ ತಯಾರಿಸಿದ ಓ.ಆರ್.ಎಸ್. ಪೊಟ್ಟಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸೋಡಿಯಂ ಸಿಟ್ರೇಟ್ ಹಾಗೂ 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ಒಟ್ಟು 20.5 ಗ್ರಾಂ ಇರುತ್ತದೆ.

ರಸಾಯನಶಾಸ್ತ್ರದಲ್ಲಿ ಸಾರತೆಯನ್ನು ಮೋಲ್ ಎಂಬ ಮಾನದಿಂದಲೂ ಅಳೆಯಲಾಗುತ್ತದೆ. ಗ್ಲೂಕೋಸಿನ ಅಣುತೂಕ 180. 13.5ನ್ನು 180ರಿಂದ ಭಾಗಿಸಿದರೆ 0.075 ಮೋಲ್, ಅಂದರೆ 75 ಮಿಲಿಮೋಲ್ ಆಗುತ್ತದೆ. ಉಪ್ಪು ಮತ್ತು ಸಿಟ್ರೇಟುಗಳಿಂದ ದೊರೆಯುವ ಸೋಡಿಯಂ ಕೂಡ ಲೀಟರಿಗೆ 75 ಮಿಲಿಮೋಲ್. ಈ ಸಮತೆ ಆಕಸ್ಮಿಕವಲ್ಲ. ಸಣ್ಣ ಕರುಳು ಗ್ಲೂಕೋಸನ್ನು ಹೀರಿಕೊಳ್ಳುವಾಗ ಅದರೊಡನೆ ಸೋಡಿಯಮನ್ನೂ ಒಳಸೇರಿಸುತ್ತದೆ. ಅವುಗಳನ್ನು ಹಿಂಬಾಲಿಸಿ ನೀರು ರಕ್ತವನ್ನು ಸೇರುತ್ತದೆ.

ಇದೇ ಪೊಟ್ಟಣವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದರೆ ಸೋಡಿಯಮಿನ ಸಾರತೆ 150 ಮಿಲಿಮೋಲಿಗೆ ಏರುತ್ತದೆ. ಆರೋಗ್ಯವಂತರ ರಕ್ತದಲ್ಲಿ ಅದು 135ರಿಂದ 145 ಮಾತ್ರ. ಇಂತಹ ಗಾಢ ದ್ರಾವಣವು ದೇಹದ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಅರ್ಧ ಪೊಟ್ಟಣವನ್ನು 200 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ಕಲಸಿದರೆ ಸಾರತೆ ಎರಡೂವರೆ ಪಟ್ಟಾಗುತ್ತದೆ. ನೀರು ಎರಡು ಲೀಟರ್ ಆದರೆ ಸಾರತೆ ಅರ್ಧಕ್ಕಿಳಿದು, ಮಗು ಕಳೆದುಕೊಂಡ ಲವಣ ಸಾಕಷ್ಟು ಭರ್ತಿಯಾಗದು.

ಸರಿಯಾದ ಅಳತೆಯ ಮಹಿಮೆಗೆ ಭಾರತವೇ ಸಾಕ್ಷಿ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾಯಿತು. ಆಗ ಡಾ. ದಿಲೀಪ್ ಮಹಲನಬೀಸರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ತೂಗಿಸಿ, ದ್ರಾವಣ ಮಾಡಿಸಿ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವಿನ ಪ್ರಮಾಣ 4ಕ್ಕಿಂತ ಕೆಳಗಿಳಿಯಿತು. ರೋಗಿಗಳ ಬಂಧುಗಳೇ ಅಲ್ಲಿ ದ್ರಾವಣವನ್ನು ಕುಡಿಸುತ್ತಿದ್ದರು.

ಪೊಟ್ಟಣದ ಮೇಲೆ ಬರೆದಿರುವಷ್ಟೇ ಶುದ್ಧ ನೀರನ್ನು ಮೊದಲು ಅಳೆದು, ಬಳಿಕ ಇಡೀ ಪೊಟ್ಟಣವನ್ನು ಕರಗಿಸಬೇಕು. ಹಾಲು, ಹಣ್ಣಿನ ರಸ, ಹೆಚ್ಚಿನ ಸಕ್ಕರೆ ಬೆರೆಸಿದರೆ ಲೆಕ್ಕವೆಲ್ಲ ಕೆಡುತ್ತದೆ. 24 ಗಂಟೆಗಳ ನಂತರ ಉಳಿದುದನ್ನು ಚೆಲ್ಲಬೇಕು. ಪೊಟ್ಟಣ ದೊರೆಯದಿದ್ದಲ್ಲಿ, ಒಂದು ಲೀಟರ್ ನೀರಿಗೆ ಟೀ ಚಮಚದಿಂದ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಮಗು ಕುಡಿಯಲಾರದೆ ಹೋದರೆ, ಮಂಕಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಭಾಗಾಕಾರ ಬಲ್ಲ ಯಾರಿಗೂ ಈ ಲೆಕ್ಕ ಕಠಿಣವಲ್ಲ. ಲೀಟರ್ ಅಳತೆಯ ಒಂದು ಪಾತ್ರೆಯನ್ನು ಪ್ರತಿ ಮನೆಯಲ್ಲೂ ಇದಕ್ಕಾಗಿ ಗುರುತಿಟ್ಟುಕೊಳ್ಳುವುದು ಒಳಿತು.