ಇಂಚಿನ ಲೆಕ್ಕ, ಅಪ್‌ಡೇಟಿನ ಲೆಕ್ಕ

ಮೊಬೈಲ್ ಪರದೆ ಆರೂವರೆ ಇಂಚು ಎಂದಾಗ ಅಳೆದಿರುವುದು ಅದರ ಅಗಲವನ್ನಲ್ಲ, ಉದ್ದವನ್ನೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಓರೆ ಗೆರೆಯನ್ನು, ಅಂದರೆ ಕರ್ಣವನ್ನು. ಈ ರೂಢಿ ಟಿ.ವಿ.ಯಿಂದ ಬಂದದ್ದು. ಇಂದಿನ ಟಿ.ವಿ.ಗಳ ಆಕಾರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಲ್ಲಿ ಕರ್ಣ ತಿಳಿದರೆ ಉಳಿದದ್ದೂ ತಿಳಿದಂತೆಯೇ. ಫೋನಿನ ವಿಚಾರ ಹಾಗಲ್ಲ. 2017ರ ಸುಮಾರಿನವರೆಗೆ ಬಹುಪಾಲು ಫೋನ್‌ಗಳ ಪರದೆ 16ಕ್ಕೆ 9ರ ಅನುಪಾತದಲ್ಲಿತ್ತು. ಆಮೇಲೆ ಅದು 18ಕ್ಕೆ 9, ಮುಂದೆ 20ಕ್ಕೆ 9 ಎಂದು ನೀಳವಾಗುತ್ತ ಹೋಯಿತು. ಹಳೆಯ ಆಕಾರದ 5.5 ಇಂಚಿನ ಪರದೆಯ ಅಗಲ ಸುಮಾರು 6.85 ಸೆಂಟಿಮೀಟರ್. ಹೊಸ ಆಕಾರದ 6.5 ಇಂಚಿನ ಪರದೆಯ ಅಗಲ ಸುಮಾರು 6.77. ಹೆಸರಿಗೆ ಒಂದು ಇಂಚು ಹೆಚ್ಚಿದರೂ ಅಗಲ ಕೂದಲೆಳೆಯಷ್ಟು ಕಡಿಮೆಯೇ ಆಗಿದೆ. ಬೆಳೆದದ್ದೆಲ್ಲ ಉದ್ದದಲ್ಲಿ, ಹತ್ತಿರ ಹತ್ತಿರ ಮೂರು ಸೆಂಟಿಮೀಟರ್.

ಫೋನಿನ ಮೈಯೂ ಇಂಚಿನ ಜೊತೆಯಲ್ಲೇ ಬೆಳೆಯಿತು ಎಂಬ ಭಾವನೆ ಸಾಮಾನ್ಯ. 2014ರ ಐಫೋನ್ 6 ಪ್ಲಸ್‌ನ ಪರದೆ 5.5 ಇಂಚು, 2019ರ ಐಫೋನ್ 11 ಪ್ರೊ ಮ್ಯಾಕ್ಸ್‌ನದು 6.5 ಇಂಚು. ಪಕ್ಕಪಕ್ಕ ಇಟ್ಟರೆ ಎರಡರ ಅಗಲವೂ 77.8 ಮಿಲಿಮೀಟರ್, ಎತ್ತರವೂ ಸರಿಸುಮಾರು 158 ಮಿಲಿಮೀಟರ್. ಕೆಳಗಿದ್ದ ಗುಂಡನೆಯ ಬಟನ್ ಹೋಯಿತು, ಪರದೆಯ ಮೇಲೆ ಕೆಳಗೆ ಇದ್ದ ಖಾಲಿ ಪಟ್ಟಿಗಳು ಹೋದವು, ಆ ಜಾಗಕ್ಕೂ ಪರದೆ ಹಬ್ಬಿತು, ಅಷ್ಟೆ. ಜೇಬಿಗೆ ಹಿಡಿಸುತ್ತದೆಯೇ ಎಂದು ನೋಡುವವರಿಗೆ ಪರದೆಯ ಇಂಚಿಗಿಂತ ಮಿಲಿಮೀಟರಿನಲ್ಲಿ ಕೊಟ್ಟಿರುವ ಮೈಯಳತೆಯೇ ಉಪಯೋಗದ ಮಾಹಿತಿ. ಜಾಹೀರಾತಿನಲ್ಲಿ ಅದು ಕಾಣಿಸುವುದು ಅಪರೂಪ.

ಹಾಗೆಂದು ಫೋನ್‌ಗಳು ದೊಡ್ಡದಾಗಲೇ ಇಲ್ಲ ಎಂದಲ್ಲ. 2007ರ ಮೊದಲ ಐಫೋನ್ ಪರದೆ 3.5 ಇಂಚು, ಮರುವರ್ಷ ಬಂದ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್‌ನದು 3.2. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ, ಸ್ಲೇಟನ್ನು ಕಿವಿಗೆ ಹಿಡಿದಂತೆ ಕಾಣುತ್ತದೆ ಎಂದು ನಕ್ಕವರಿದ್ದರು. ಇಂದು 5.3 ಇಂಚು ಚಿಕ್ಕ ಫೋನಿನ ಲೆಕ್ಕ. ಬದಲಾದದ್ದು ಬಳಕೆ. ಮಾತಿಗಿದ್ದ ಯಂತ್ರ ನೋಡುವ ಯಂತ್ರವಾಯಿತು. ಭಾರತದಲ್ಲಿ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಫೋನು ಮನೆಯ ಎರಡನೆಯ ಟಿ.ವಿ. ಆಯಿತು. ದೊಡ್ಡ ಮೈಯಲ್ಲಿ ದೊಡ್ಡ ಬ್ಯಾಟರಿ ಹಿಡಿಸುತ್ತದೆ ಎನ್ನುವುದೂ ಒಂದು ಕಾರಣ. ಚಿಕ್ಕ ಫೋನ್ ಬೇಕು ಎಂದು ಹೇಳುವವರು ಎಲ್ಲೆಲ್ಲೂ ಸಿಗುತ್ತಾರೆ, ಅಂಗಡಿಯಲ್ಲಿ ದುಡ್ಡು ಕೊಡುವಾಗ ಮಾತ್ರ ಕಾಣುವುದಿಲ್ಲ. ಆ್ಯಪಲ್ 2020 ಮತ್ತು 2021ರಲ್ಲಿ 5.4 ಇಂಚಿನ ಮಿನಿ ಫೋನ್‌ಗಳನ್ನು ತಂದು, 2022ರ ಸಾಲಿನಲ್ಲಿ ಅದನ್ನು ಬಿಟ್ಟೇಬಿಟ್ಟಿತು.

ಉದ್ದ ಬೆಳೆದದ್ದರ ಕಷ್ಟ ಹೆಬ್ಬೆರಳಿಗೆ. ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು ನಿಂತವರಿಗೆ ಪರದೆಯ ಮೇಲ್ತುದಿ ಎಟಕುವುದಿಲ್ಲ. ಇದಕ್ಕೆ ಪರಿಹಾರ ಬಂದದ್ದು ತಂತ್ರಾಂಶದಿಂದ. ಇಡೀ ಪರದೆಯನ್ನು ಕೆಳಕ್ಕೆಳೆಯುವ ಸೌಲಭ್ಯ 2014ರಲ್ಲೇ ಐಫೋನಿಗೆ ಬಂತು. 2021ರ ಐಓಎಸ್ 15ರಲ್ಲಿ ಸಫಾರಿ ಬ್ರೌಸರಿನ ವಿಳಾಸ ಪಟ್ಟಿ ಮೇಲಿಂದ ಕೆಳಕ್ಕಿಳಿಯಿತು. ಹೆಬ್ಬೆರಳಿಗೆ ಹತ್ತಿರವಾದರೂ ಕಣ್ಣಿಗೆ ಅಪರಿಚಿತವಾಯಿತು. ಬೇಡವೆನ್ನುವವರಿಗೆ ಅದನ್ನು ಮತ್ತೆ ಮೇಲಕ್ಕೇರಿಸುವ ಆಯ್ಕೆಯನ್ನೂ ಸೆಟ್ಟಿಂಗ್ಸ್‌ನಲ್ಲಿ ಇಡಬೇಕಾಯಿತು.

ದೊಡ್ಡ ಪರದೆ ಕೊಂಡರೆ ಅಕ್ಷರ ದೊಡ್ಡದಾಗುತ್ತದೆ ಎಂದು ವಯಸ್ಸಾದವರಿಗಾಗಿ ದೊಡ್ಡ ಫೋನ್ ತರುವುದುಂಟು. ಅಕ್ಷರದ ಗಾತ್ರವನ್ನು ನಿರ್ಧರಿಸುವುದು ಪರದೆಯಲ್ಲ, ತಂತ್ರಾಂಶ. ಬೇರೆ ಬೇರೆ ಫೋನ್‌ಗಳಲ್ಲಿ ಬರಹ ಸುಮಾರಾಗಿ ಒಂದೇ ಅಳತೆಯಲ್ಲಿ ಕಾಣುವಂತೆ ಆಂಡ್ರಾಯ್ಡ್ ಲೆಕ್ಕ ಹಾಕಿಕೊಳ್ಳುತ್ತದೆ. ಹೀಗಾಗಿ ಪರದೆ ದೊಡ್ಡದಾದರೆ ಅಕ್ಷರ ಹಿಗ್ಗುವ ಬದಲು ಸಾಲುಗಳು ಹೆಚ್ಚುತ್ತವೆ. ಅಕ್ಷರವೇ ಹಿಗ್ಗಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ ಗಾತ್ರವನ್ನೋ, 2016ರ ಆಂಡ್ರಾಯ್ಡ್ 7ರಿಂದ ಇರುವ ಡಿಸ್‌ಪ್ಲೇ ಗಾತ್ರವನ್ನೋ ಏರಿಸಬೇಕು. ಕನ್ನಡದಲ್ಲಿ ಇಟ್ಟುಕೊಂಡ ಫೋನಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಒತ್ತಕ್ಷರ ಕೆಳಗಿಳಿಯುವುದರಿಂದ ಪ್ರತಿ ಸಾಲಿಗೂ ಹೆಚ್ಚು ಎತ್ತರ ಬೇಕು, ಪದಗಳೂ ಉದ್ದ. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಆ್ಯಪುಗಳಲ್ಲಿ ಅಕ್ಷರ ಹಿಗ್ಗಿಸಿದೊಡನೆ ಬಟನ್ನಿನ ಮೇಲಿನ ಪದ ಅರ್ಧಕ್ಕೇ ನಿಂತು ಮೂರು ಚುಕ್ಕಿಯಾಗುತ್ತದೆ.

ತಂತ್ರಾಂಶದ ಅಪ್‌ಡೇಟ್ ಏನು ಮಾಡಬಲ್ಲದು ಎಂಬುದನ್ನು ಕನ್ನಡ ಓದುಗರು ಕಣ್ಣಾರೆ ಕಂಡದ್ದೂ ಅಕ್ಷರದ ವಿಷಯದಲ್ಲೇ. ಮೊದಲ ವರ್ಷಗಳ ಬಹುಪಾಲು ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡದ ಸಂದೇಶ ಬಂದರೆ ಕಾಣುತ್ತಿದ್ದದ್ದು ಸಾಲುಸಾಲು ಖಾಲಿ ಚೌಕ. 2012ರ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ಕೊಟ್ಟಿತು. ಅದೇ ಪರದೆ, ಅದೇ ಯಂತ್ರ. ಚೌಕಗಳ ಜಾಗದಲ್ಲಿ ಅಕ್ಷರ. ರೂಪಾಯಿ ಚಿಹ್ನೆಯ ಕಥೆಯೂ ಇಂಥದೇ. ಸರ್ಕಾರ 2010ರ ಜುಲೈನಲ್ಲಿ ಅದನ್ನು ಒಪ್ಪಿತು, ಅಕ್ಟೋಬರಿನಲ್ಲಿ ಯೂನಿಕೋಡ್ ಅದಕ್ಕೊಂದು ಸಂಕೇತ ಕೊಟ್ಟಿತು. ಅಪ್‌ಡೇಟ್ ಸಿಗದ ಫೋನ್‌ಗಳಲ್ಲಿ ಬೆಲೆಯ ಮುಂದೆ ವರ್ಷಗಟ್ಟಲೆ ಚೌಕವೇ ಉಳಿಯಿತು. ಈಗಲೂ ಮಕ್ಕಳು ಕಳಿಸಿದ ಹೊಸ ಇಮೋಜಿ ಅಜ್ಜನ ಫೋನಿನಲ್ಲಿ ಚೌಕವಾಗಿ ಬಂದರೆ ಕಾರಣ ಅದೇ.

ಅಪ್‌ಡೇಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಆಂಡ್ರಾಯ್ಡ್ 14 ಹೋಗಿ 15 ಬರುವಂಥ ಪೂರ್ತಿ ಆವೃತ್ತಿ ಬದಲಾವಣೆ. ಇನ್ನೊಂದು, ಭದ್ರತೆಯ ದೋಷಗಳನ್ನು ಮುಚ್ಚುವ, ಕಣ್ಣಿಗೆ ಏನೂ ಕಾಣದ ಸೆಕ್ಯುರಿಟಿ ಪ್ಯಾಚ್. ಮೂರನೆಯದು ಆ್ಯಪುಗಳದು. ಪ್ಯಾಚ್ ಏಕೆ ಬೇಕೆಂಬುದಕ್ಕೆ ಒಂದು ಉದಾಹರಣೆ. 2015ರ ಜುಲೈನಲ್ಲಿ ಆಂಡ್ರಾಯ್ಡ್‌ನಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬಯಲಾಯಿತು: ಬರೀ ಒಂದು ಎಂಎಂಎಸ್ ವಿಡಿಯೊ ಕಳಿಸಿ, ಎದುರಿನವರು ಅದನ್ನು ತೆರೆಯದಿದ್ದರೂ ಫೋನಿನೊಳಗೆ ನುಗ್ಗಬಹುದಿತ್ತು. ಅದರ ಬೆನ್ನಲ್ಲೇ ಗೂಗಲ್ ತಿಂಗಳಿಗೊಮ್ಮೆ ಪ್ಯಾಚ್ ಕೊಡುವ ಪದ್ಧತಿ ತಂದಿತು. ಕೊಟ್ಟದ್ದು ತಲುಪುವುದು ಬೇರೆ ಮಾತು. ಗೂಗಲ್ ಬರೆದದ್ದನ್ನು ಚಿಪ್ ಮಾಡುವವರು ತಮ್ಮ ಚಿಪ್ಪಿಗೆ ಹೊಂದಿಸಬೇಕು, ಆಮೇಲೆ ಫೋನ್ ಕಂಪನಿ ತನ್ನ ಬಣ್ಣಬೆಡಗು ಸೇರಿಸಿ ಪರೀಕ್ಷಿಸಬೇಕು. ಆಂಡ್ರಾಯ್ಡ್ ತಡವಾಗಿ ತಲುಪುವುದು, ಚಿಪ್ ಮತ್ತು ಫೋನ್ ಎರಡನ್ನೂ ತಾನೇ ರೂಪಿಸುವ ಆ್ಯಪಲ್‌ನದು ಒಂದೇ ದಿನ ಎಲ್ಲರಿಗೂ ಸಿಗುವುದು ಇದಕ್ಕೇ. 2017ರ ಆಂಡ್ರಾಯ್ಡ್ 8ರಲ್ಲಿ ಚಿಪ್ಪಿಗೆ ಸಂಬಂಧಿಸಿದ ಭಾಗವನ್ನು ಉಳಿದ ವ್ಯವಸ್ಥೆಯಿಂದ ಬೇರ್ಪಡಿಸಿದ ಮೇಲೆ ಈ ಕಾಯುವಿಕೆ ಕೊಂಚ ತಗ್ಗಿದೆ.

ಅಪ್‌ಡೇಟ್ ಹಾಕಿದ ಮೇಲೆ ಫೋನ್ ಹ್ಯಾಂಗ್ ಆಗುತ್ತದೆ, ಚಾರ್ಜ್ ನಿಲ್ಲುವುದಿಲ್ಲ ಎಂಬ ದೂರು ಎಲ್ಲ ಊರಲ್ಲೂ ಕೇಳುತ್ತದೆ. ಅದರಲ್ಲಿ ನಿಜವಿದೆ, ಪೂರ್ತಿ ನಿಜವಲ್ಲ. ಹೊಸ ಆವೃತ್ತಿ ಕೂತ ಮೇಲೆ ಫೋನು ಒಳಗೊಳಗೇ ಆ್ಯಪುಗಳನ್ನು ಹೊಸ ವ್ಯವಸ್ಥೆಗೆ ಅಣಿಗೊಳಿಸುತ್ತದೆ, ಫೋಟೊ, ಕಡತಗಳ ಪಟ್ಟಿಯನ್ನು ಮತ್ತೆ ಮಾಡಿಕೊಳ್ಳುತ್ತದೆ. ಆ ಕೆಲಸ ಮುಗಿಯುವವರೆಗೆ ಬಿಸಿಯೂ ಆಗುತ್ತದೆ, ಚಾರ್ಜೂ ಇಳಿಯುತ್ತದೆ. ಒಂದೆರಡು ದಿನ ಕಳೆದರೆ ಸರಿಹೋಗುವ ತೊಂದರೆ ಇದು. ಸರಿಹೋಗದ ತೊಂದರೆಯೂ ಉಂಟು: ಹೊಸ ಆವೃತ್ತಿ ಹೆಚ್ಚು ಮೆಮೊರಿ ಕೇಳುತ್ತದೆ, ಹಳೆಯ ಫೋನಿನಲ್ಲಿ ಅದು ಇರುವುದಿಲ್ಲ. ಕಂಪನಿಗಳ ಮೇಲಿನ ಗುಮಾನಿಗೆ ಆಧಾರವೂ ಸಿಕ್ಕಿದೆ. ಬ್ಯಾಟರಿ ಸವೆದ ಐಫೋನ್‌ಗಳು ಏಕಾಏಕಿ ಆಫ್ ಆಗದಿರಲೆಂದು ಆ್ಯಪಲ್ 2017ರ ಆರಂಭದ ಒಂದು ಅಪ್‌ಡೇಟಿನಲ್ಲಿ ಅವುಗಳ ವೇಗವನ್ನು ತಗ್ಗಿಸಿತ್ತು. ಬಳಸುವವರಿಗೆ ಅದನ್ನು ಬಿಡಿಸಿ ಹೇಳಿರಲಿಲ್ಲ. ಅದೇ ಡಿಸೆಂಬರಿನಲ್ಲಿ ವಿಷಯ ಹೊರಬಂತು, 2020ರ ಫೆಬ್ರವರಿಯಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿತು. ತಾಂತ್ರಿಕವಾಗಿ ಆ ಕ್ರಮಕ್ಕೆ ಸಮರ್ಥನೆಯಿತ್ತು, ಮುಚ್ಚಿಟ್ಟದ್ದಕ್ಕೆ ಇರಲಿಲ್ಲ. ಬ್ಯಾಟರಿ ಬದಲಿಸಿದರೆ ಸರಿಹೋಗಬಹುದಾಗಿದ್ದ ಫೋನುಗಳ ಬದಲಿಗೆ ಹೊಸದನ್ನೇ ಕೊಂಡವರಿದ್ದರು.

ಅಪ್‌ಡೇಟ್ ಮಾಡದೆಯೇ ಫೋನ್ ಬದಲಾಯಿತು ಎನ್ನುವ ಅಚ್ಚರಿ ಇತ್ತೀಚಿನದು. 2025ರ ಆಗಸ್ಟ್‌ನಲ್ಲಿ ಗೂಗಲ್‌ನ ಫೋನ್ ಆ್ಯಪ್ ಇರುವ ಹಲವು ಕಂಪನಿಗಳ ಮೊಬೈಲುಗಳಲ್ಲಿ ಕರೆ ಬಂದಾಗ ಕಾಣುವ ಪರದೆಯೇ ಬೇರೆಯಾಯಿತು. ಬಟನ್‌ಗಳು ದಪ್ಪಗಾದವು, ಕರೆ ಎತ್ತುವ ರೀತಿ ಬದಲಾಯಿತು. ಇದು ಆವೃತ್ತಿಯ ಬದಲಾವಣೆಯಲ್ಲ, ಆ್ಯಪಿನದು. ಪ್ಲೇ ಸ್ಟೋರ್ ಆ್ಯಪುಗಳನ್ನು ತಾನಾಗಿಯೇ ನವೀಕರಿಸುತ್ತದೆ, ಒಳಗಿರುವ ಹೊಸ ರೂಪವನ್ನು ಕಂಪನಿ ದೂರದಿಂದಲೇ ಚಾಲೂ ಮಾಡಬಲ್ಲದು. ಬೆರಳಿನ ರೂಢಿಯ ಮೇಲೆ ಫೋನ್ ಬಳಸುವ ಹಿರಿಯರಿಗೆ, ಕಣ್ಣು ಮಂಜಾದವರಿಗೆ, ಕರೆ ಎತ್ತುವ ಜಾಗ ರಾತ್ರೋರಾತ್ರಿ ಬದಲಾಗುವುದು ಸಣ್ಣ ಮಾತಲ್ಲ. ವಿನ್ಯಾಸಕಾರರು ಇದನ್ನು ಗಂಭೀರವಾಗಿ ತೆಗೆದುಕೊಂಡಂತೆ ಕಾಣುವುದಿಲ್ಲ.

ಎಷ್ಟು ವರ್ಷ ಅಪ್‌ಡೇಟ್ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಈಗ ಸ್ವಲ್ಪ ಸುಧಾರಿಸಿದೆ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಪ್ಯಾಚ್ ಬಂದಿತ್ತು. ಆ ಕಾಲದ ಆಂಡ್ರಾಯ್ಡ್ ಫೋನ್‌ಗಳಿಗೆ ಎರಡು ವರ್ಷ ಸಿಕ್ಕರೆ ದೊಡ್ಡದು. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷದ ಮಾತು ಕೊಟ್ಟಿವೆ. ಆ ಏಳು ವರ್ಷ ಎಣಿಸುವುದು ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ಕೊಂಡ ದಿನದಿಂದಲ್ಲ. ಎರಡು ವರ್ಷ ಕಾದು ರಿಯಾಯಿತಿಯಲ್ಲಿ ಕೊಂಡವರಿಗೆ ಉಳಿಯುವುದು ಐದೇ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮ ಲೆಕ್ಕವನ್ನು ತಿರುಗಿಸಿದೆ: ಆ ಮಾದರಿಯ ಮಾರಾಟ ನಿಲ್ಲಿಸಿದ ದಿನದಿಂದ ಕನಿಷ್ಠ ಐದು ವರ್ಷ ಅಪ್‌ಡೇಟ್ ಒದಗಿಸಬೇಕು. ಅಗ್ಗದ ಫೋನ್‌ಗಳಿಗೂ ಇದು ಅನ್ವಯ.

ಬೆಂಬಲ ನಿಂತ ಫೋನ್ ಅಂದೇ ಕೆಡುವುದಿಲ್ಲ. ಆ್ಯಪುಗಳು ಒಂದೊಂದಾಗಿ ಕೈಬಿಡುತ್ತ ಬರುತ್ತವೆ. ವಾಟ್ಸ್‌ಆ್ಯಪ್ 2023ರ ಅಕ್ಟೋಬರ್ 24ರಿಂದ ಆಂಡ್ರಾಯ್ಡ್ 5ಕ್ಕಿಂತ ಹಳೆಯದರಲ್ಲಿ ನಡೆಯುವುದನ್ನು ನಿಲ್ಲಿಸಿತು. ಹಣ ವ್ಯವಹಾರದ ಆ್ಯಪುಗಳು ಇನ್ನೂ ಬೇಗ ಬಾಗಿಲು ಹಾಕುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್‌ನ ಒಳಗೆ ಆಂಡ್ರಾಯ್ಡ್ ಆವೃತ್ತಿಯನ್ನು ಒತ್ತಿದರೆ ಸೆಕ್ಯುರಿಟಿ ಅಪ್‌ಡೇಟಿನ ತಾರೀಖು ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಪರದೆಯ ಮೇಲಿನ ಗೀರಿಗಿಂತ ಮೊದಲು ನೋಡಬೇಕಾದ್ದು ಆ ತಾರೀಖನ್ನು.