ಮನೆಯೊಳಗಿನ ಚಿಮ್ಮಂಡೆ ಮತ್ತು ನಮ್ಮ ಅವಸರ
(ಸಂಘದ ವಾರ್ಷಿಕ ತಾಯಂದಿರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ಮಕ್ಕಳ ಹಾಜರಾತಿ, ಪರೀಕ್ಷೆ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಮಾತನಾಡುವುದು ರೂಢಿ. ಈ ಸಲ ನನಗೆ ಕೊಟ್ಟಿರುವ ವಿಷಯ "ಮನೆ ಮತ್ತು ಆರೋಗ್ಯ". ಅದರಲ್ಲಿ ನಾನು ಆರಿಸಿಕೊಂಡಿರುವುದು ಒಂದು ಸಣ್ಣ ಹುಳುವನ್ನು. ಉರ್ದುವಿನಲ್ಲಿ ಅದಕ್ಕೆ ಝೀಂಗುರ್ ಎನ್ನುತ್ತೇವೆ. ಕನ್ನಡದಲ್ಲಿ ಚಿಮ್ಮಂಡೆ. ನಮ್ಮ ಮಲೆನಾಡಿನಲ್ಲಿ ಅನೇಕರು ಜೀರುಂಡೆ ಎಂದೇ ಕರೆಯುತ್ತಾರೆ. ಆದರೆ ಹಗಲಿನಲ್ಲಿ ಮರದ ಮೇಲೆ ಕುಳಿತು ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆ ಬೇರೆ. ನಾನು ಹೇಳುತ್ತಿರುವುದು ರಾತ್ರಿ ದೀಪ ಆರಿಸಿದ ಕೂಡಲೇ ಕಪಾಟಿನ ಹಿಂದಿನಿಂದ "ಚಿರ್ ಚಿರ್" ಎಂದು ಶುರು ಮಾಡುವ ಹುಳುವಿನ ವಿಷಯ. ಇದೂ ಒಂದು ಭಾಷಣದ ವಿಷಯವೇ ಎಂದು ಕೆಲವರು ನಗುತ್ತಿದ್ದೀರಿ. ನಾನೂ ಒಂದು ಕಾಲದಲ್ಲಿ ಹಾಗೆಯೇ ನಕ್ಕಿದ್ದೆ. ಯಾಕೆ ನಗು ನಿಂತಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಹುಳುವಿನ ಪರಿಚಯ ಮಾಡಿಕೊಳ್ಳೋಣ. ನಮ್ಮ ಮನೆಗಳಿಗೆ ಬರುವುದು ಹೆಚ್ಚಾಗಿ ಎರಡು ಬಗೆ. ಒಂದು ಒಣಹುಲ್ಲಿನ ಬಣ್ಣದ, ಮೈಮೇಲೆ ಕಪ್ಪು ಪಟ್ಟಿಗಳಿರುವ ಮನೆ ಚಿಮ್ಮಂಡೆ. ಇನ್ನೊಂದು ಹೊಲ, ತೋಟದಿಂದ ದೀಪದ ಬೆಳಕಿಗೆ ಬರುವ ಕಪ್ಪಗಿನ ದಪ್ಪ ಚಿಮ್ಮಂಡೆ. ಕೂಗುವುದು ಗಂಡು ಮಾತ್ರ. ಅದೂ ಬಾಯಿಯಿಂದಲ್ಲ, ಕಾಲಿನಿಂದಲೂ ಅಲ್ಲ. ಅದರ ಒಂದು ಮುಂರೆಕ್ಕೆಯಲ್ಲಿ ಅರದಂತಹ ಹಲ್ಲುಗಳ ಸಾಲು ಇದೆ. ಇನ್ನೊಂದು ರೆಕ್ಕೆಯ ಅಂಚನ್ನು ಅದಕ್ಕೆ ಉಜ್ಜಿದಾಗ ಈ ಸದ್ದು ಹುಟ್ಟುತ್ತದೆ. ಹೆಣ್ಣನ್ನು ಕರೆಯುವುದಕ್ಕೆ, ಬೇರೆ ಗಂಡುಗಳನ್ನು ದೂರ ಇಡುವುದಕ್ಕೆ ಈ ಹಾಡು. ಇನ್ನೂ ಆಶ್ಚರ್ಯದ ಸಂಗತಿ ಎಂದರೆ ಇದರ ಕಿವಿ ಇರುವುದು ಮುಂಗಾಲಿನಲ್ಲಿ! ಹಿಂಬದಿಯಲ್ಲಿರುವ ಎರಡು ಕೂದಲಿನಂತಹ ಕಡ್ಡಿಗಳು ಗಾಳಿಯ ಸಣ್ಣ ಅಲುಗಾಟವನ್ನೂ ತಿಳಿಯುತ್ತವೆ. ಅದಕ್ಕೇ ನೀವು ಪೊರಕೆ ಹಿಡಿದು ಹತ್ತಿರ ಹೋದ ಕೂಡಲೇ ಸದ್ದು ನಿಂತುಬಿಡುತ್ತದೆ.

ಹೆಣ್ಣಿನ ಹಿಂಭಾಗದಲ್ಲಿ ಸೂಜಿಯಂತಹ ಉದ್ದನೆಯ ನಳಿಗೆ ಇರುತ್ತದೆ. ಅದನ್ನು ನೋಡಿ ಕುಟುಕುವ ಮುಳ್ಳು ಎಂದು ಮಕ್ಕಳು ಹೆದರುತ್ತಾರೆ. ಅದು ಮುಳ್ಳಲ್ಲ, ಒದ್ದೆ ಮಣ್ಣಿನಲ್ಲಿ ಮೊಟ್ಟೆ ಇಡುವ ಸಾಧನ. ಈ ಹುಳುವಿಗೆ ವಿಷವಿಲ್ಲ. ಸೊಳ್ಳೆಯಂತೆ ಇದು ರಕ್ತ ಹೀರುವುದಿಲ್ಲ, ಮಲೇರಿಯಾ, ಡೆಂಗಿಯಂತಹ ಕಾಯಿಲೆ ತರುವುದಿಲ್ಲ. ಬೆಚ್ಚಗಿನ ಜಾಗದಲ್ಲಿ ಮೊಟ್ಟೆಯಿಂದ ದೊಡ್ಡ ಹುಳುವಾಗಲು ಸುಮಾರು ಎರಡು ಮೂರು ತಿಂಗಳು ಸಾಕು. ಹಾಗಾಗಿ ಮಳೆಗಾಲದ ಆರಂಭದಲ್ಲಿ ಅಲಕ್ಷ್ಯ ಮಾಡಿದರೆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಸಾರವೇ ಆಗಿರುತ್ತದೆ.

ಹಾಗಾದರೆ ಇದರಿಂದ ಏನೂ ನಷ್ಟವಿಲ್ಲವೇ? ಇದೆ. ಉಣ್ಣೆ, ರೇಷ್ಮೆ, ಹತ್ತಿ, ಕಾಗದ ಯಾವುದನ್ನೂ ಇದು ಬಿಡುವುದಿಲ್ಲ. ಗಂಜಿ ಹಾಕಿದ ಬಟ್ಟೆ, ಬೆವರು ಹತ್ತಿದ ಬಟ್ಟೆ, ಊಟದ ಕಲೆಯಿರುವ ಬಟ್ಟೆ ಎಂದರೆ ಇನ್ನೂ ಇಷ್ಟ. ಹಬ್ಬಕ್ಕೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ ದುಪಟ್ಟಾ ತೆಗೆದು ನೋಡಿದರೆ ನಡುವೆ ತೂತು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಉರ್ದು ಪುಸ್ತಕಗಳ ಒಂದು ಕಟ್ಟು ಇತ್ತು. ಅಂಟು ಹಚ್ಚಿದ ಬೆನ್ನಿನ ಕಡೆಯಿಂದ ಪುಟಗಳ ಅಂಚು ತಿಂದುಹೋಗಿತ್ತು. ಭಾಷೆ ಕಲಿಸುವವಳಿಗೆ ಅದನ್ನು ಕಂಡಾಗ ಎಷ್ಟು ನೋವಾಗುತ್ತದೆ ಎಂದು ನಿಮಗೆ ಗೊತ್ತು. ಇದಲ್ಲದೆ ನಿದ್ದೆಗೆಡುವುದೂ ನಷ್ಟವೇ. ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಮಕ್ಕಳನ್ನು ಕೇಳಿದರೆ "ಟೀಚರ್, ರಾತ್ರಿಯೆಲ್ಲಾ ಹುಳ ಕೂಗ್ತಾ ಇತ್ತು" ಎನ್ನುತ್ತಾರೆ.

ಈಗ ನನ್ನ ಮನೆಯ ವಿಷಯ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಕೆಲವು ವರ್ಷಗಳ ಹಿಂದೆ, ಪುನರ್ವಸು ಮಳೆ ಬಿಡದೆ ಹಿಡಿದಿದ್ದ ದಿನಗಳು. ನಮ್ಮದು ಹೆಂಚಿನ ಮನೆ. ಹಿಂದಿನ ಗೋಡೆಗೆ ಒತ್ತಿ ಸೌದೆ ಪೇರಿಸಿದ್ದೆವು. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಚಿಮ್ಮಂಡೆಗಳ ಸದ್ದು ಶುರುವಾಗಿ ವಾರವಾಗಿತ್ತು. ನನಗೆ ಉತ್ತರ ಪತ್ರಿಕೆಗಳನ್ನು ತಿದ್ದುವ ಕೆಲಸ ಬೇರೆ. ಒಂದು ಸಂಜೆ ಪರಿಚಯದವರೊಬ್ಬರು ತೋಟಕ್ಕೆ ಹೊಡೆಯುವ ಔಷಧಿಯನ್ನು ನೀರಿನ ಬಾಟಲಿಯಲ್ಲಿ ಸ್ವಲ್ಪ ಹಾಕಿ ಕೊಟ್ಟರು. "ಇದನ್ನು ಹೊಡೀರಿ ಮೇಡಂ, ಒಂದೂ ಉಳಿಯಲ್ಲ" ಎಂದರು. ಅವರದು ಕೆಟ್ಟ ಮನಸ್ಸಲ್ಲ. ತಪ್ಪು ನನ್ನದು. ನಮ್ಮ ಅತ್ತೆ "ಬೇಡಮ್ಮಾ, ಮಗು ಓಡಾಡುವ ಮನೆ" ಎಂದರು. "ನಿಮಗೇನು ಗೊತ್ತಾಗುತ್ತದೆ ಅಮ್ಮಾ, ಈಗ ಎಲ್ಲರೂ ಹೊಡೆಯುತ್ತಾರೆ" ಎಂದುಬಿಟ್ಟೆ. ಉಗ್ರಾಣದ ಮೂಲೆಗಳಿಗೆ, ಬಾಗಿಲ ಸಂದಿಗೆ, ಅಡುಗೆಮನೆಯ ನೆಲದ ಅಂಚಿಗೆಲ್ಲಾ ಸಿಂಪಡಿಸಿದೆ. ಮಳೆ ಎಂದು ಕಿಟಕಿ ಮುಚ್ಚಿತ್ತು.

ನನ್ನ ಮಗಳಿಗೆ ಆಗ ಮೂರು ವರ್ಷ. ಬೆಳಿಗ್ಗೆ ಎದ್ದು ಎಂದಿನಂತೆ ಅಡುಗೆಮನೆಯ ನೆಲದ ಮೇಲೆ ಕುಳಿತು ಆಡಿದಳು, ಆ ಕೈಯಿಂದಲೇ ಬಿಸ್ಕತ್ತು ತಿಂದಳು. ಸ್ವಲ್ಪ ಹೊತ್ತಿಗೆ ಬಾಯಿಂದ ಜೊಲ್ಲು ಸುರಿಯತೊಡಗಿತು. ವಾಂತಿಯಾಯಿತು. ಮೈಯೆಲ್ಲಾ ಬೆವರು. ಮಂಕಾಗಿ ಹೆಗಲಿಗೆ ಒರಗಿಬಿಟ್ಟಳು. ಆಸ್ಪತ್ರೆಗೆ ಓಡಿದೆವು. ವೈದ್ಯರು ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ ಮೊದಲು ಕೇಳಿದ ಪ್ರಶ್ನೆ, "ಮನೆಯಲ್ಲಿ ಏನು ಹೊಡೆದಿದ್ದೀರಿ? ಔಷಧಿಯ ಹೆಸರೇನು?"

ನನಗೆ ಹೆಸರು ಗೊತ್ತಿರಲಿಲ್ಲ. ಬಾಟಲಿಯ ಮೇಲೆ ಚೀಟಿಯೇ ಇರಲಿಲ್ಲ. ಬಿ.ಎಡ್. ಮಾಡಿದವಳು, ಎರಡು ಭಾಷೆಗಳಲ್ಲಿ ಮಕ್ಕಳಿಗೆ ಓದಲು ಕಲಿಸುವವಳು, ಓದಲು ಒಂದಕ್ಷರವೂ ಇಲ್ಲದ ಬಾಟಲಿಯನ್ನು ಮನೆಯೊಳಗೆ ತಂದಿದ್ದೆ. ಕೊಟ್ಟವರನ್ನು ಹುಡುಕಿ, ಮೂಲ ಡಬ್ಬಿ ತರಿಸುವ ಹೊತ್ತಿಗೆ ಒಂದು ಗಂಟೆಯ ಮೇಲಾಯಿತು. ಅಲ್ಲಿಯವರೆಗೆ ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ನಡೆಸಿದರು. ಮೂರು ದಿನ ಆಸ್ಪತ್ರೆಯಲ್ಲಿದ್ದೆವು. ಅಲ್ಲಾಹನ ಕೃಪೆಯಿಂದ ಮಗು ಉಳಿಯಿತು. ನಾಲ್ಕನೆಯ ದಿನ ಮನೆಗೆ ಬಂದು ರಾತ್ರಿ ದೀಪ ಆರಿಸಿದಾಗ ಸೌದೆಯ ಕಡೆಯಿಂದ ಚಿಮ್ಮಂಡೆ ಮತ್ತೆ ಕೂಗುತ್ತಿತ್ತು.

ಯಾಕೆ ಹಾಗಾಯಿತು ಎಂದು ಆಮೇಲೆ ಯೋಚಿಸಿದೆ. ನಾನು ಹೊಡೆದದ್ದು ಹುಳುವಿಗೆ, ಆದರೆ ಹುಳುವನ್ನು ಕರೆದ ಕಾರಣ ಹಾಗೆಯೇ ಉಳಿದಿತ್ತು. ಚಿಮ್ಮಂಡೆಗೆ ಬೇಕಾಗಿರುವುದು ನಾಲ್ಕು: ತೇವ, ಕತ್ತಲೆಯ ಸಂದಿ, ತಿನ್ನಲು ಏನಾದರೂ, ಒಳಗೆ ಬರಲು ದಾರಿ. ಈ ನಾಲ್ಕನ್ನೂ ನಾವೇ ಒದಗಿಸಿದ್ದೆವು. ಅತ್ತೆಯವರ ಕ್ಷಮೆ ಕೇಳಿ ಅವರ ಜೊತೆಯಲ್ಲಿಯೇ ಕೆಲಸಕ್ಕೆ ಇಳಿದೆ. ನಾವು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ. ಇದಕ್ಕೆ ಹೆಚ್ಚು ಖರ್ಚಿಲ್ಲ.

ಒಂದು, ಸೌದೆ, ತೆಂಗಿನ ಸಿಪ್ಪೆ, ಹಳೆಯ ಹೆಂಚು, ರಟ್ಟಿನ ಪೆಟ್ಟಿಗೆ ಇವುಗಳನ್ನು ಗೋಡೆಯಿಂದ ದೂರ ಸರಿಸಿದೆವು. ಸೌದೆಯನ್ನು ನೆಲದ ಮೇಲಿಡದೆ ಕಲ್ಲುಗಳ ಮೇಲೆ ಹಲಗೆ ಹಾಕಿ ಪೇರಿಸಿದೆವು. ಸೋರುತ್ತಿದ್ದ ನಲ್ಲಿಗೆ ವಾಷರ್ ಹಾಕಿಸಿದೆವು. ತೇವ ಹೋದರೆ ಅರ್ಧ ಕೆಲಸ ಮುಗಿದಂತೆ.

ಎರಡು, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ, ಗೋಡೆಯ ಬಿರುಕಿಗೆ ಸಿಮೆಂಟು ತುಂಬಿಸಿ, ಬಚ್ಚಲ ನೀರು ಹೋಗುವ ತೂತಿಗೆ ಜಾಲರಿ ಇಟ್ಟೆವು. ರಬ್ಬರ್ ಪಟ್ಟಿ ಕೊಳ್ಳಲಾಗದವರು ಹಳೆಯ ಬಟ್ಟೆಯನ್ನು ಸುತ್ತಿ ಸಂದಿಗೆ ಒತ್ತಿಟ್ಟರೂ ಆದೀತು.

ಮೂರು, ಮುಂಬಾಗಿಲಿನ ಹೊರಗೆ ಉರಿಯುತ್ತಿದ್ದ ಬೆಳ್ಳನೆಯ ದೀಪವನ್ನು ತೆಗೆದು ಹಳದಿ ಬೆಳಕಿನ ಎಲ್‌ಇಡಿ ಬಲ್ಬು ಹಾಕಿದೆವು. ಬಿಳಿ, ನೀಲಿ ಬೆಳಕಿಗೆ ಹುಳುಗಳು ಹೆಚ್ಚು ಬರುತ್ತವೆ, ಹಳದಿಗೆ ಕಡಿಮೆ. ಬೇಡದ ಹೊತ್ತಿನಲ್ಲಿ ಆರಿಸಿದರೆ ಇನ್ನೂ ಒಳ್ಳೆಯದು, ಕರೆಂಟ್ ಬಿಲ್ಲೂ ಉಳಿಯುತ್ತದೆ.

ನಾಲ್ಕು, ಒಳಗೆ ಸೇರಿದ್ದ ಹುಳುಗಳಿಗೆ ಬೆಲ್ಲದ ನೀರು. ಒಂದು ಪಾಲು ಬೆಲ್ಲಕ್ಕೆ ಹತ್ತು ಪಾಲು ನೀರು ಬೆರೆಸಿ ಅಗಲವಾದ ಬಟ್ಟಲಿನಲ್ಲಿ ಅರ್ಧ ತುಂಬಿಸಿ, ಸದ್ದು ಬರುವ ಮೂಲೆಯಲ್ಲಿ ರಾತ್ರಿ ಇಟ್ಟೆವು. ವಾಸನೆಗೆ ಬಂದು ಹಾರಿದ ಹುಳು ಅದರಲ್ಲಿ ಬೀಳುತ್ತದೆ. ಇರುವೆ ಬರುತ್ತದೆ ಎಂದು ಬಟ್ಟಲನ್ನು ನೀರು ತುಂಬಿದ ತಟ್ಟೆಯಲ್ಲಿ ಇಡಬೇಕು. ಬೆಳಿಗ್ಗೆ ಚೆಲ್ಲಿ ತೊಳೆಯಬೇಕು.

ಐದು, ಕಪಾಟು, ಟ್ರಂಕು, ಪುಸ್ತಕ. ಬಿಸಿಲು ಬಿದ್ದ ದಿನ ಎಲ್ಲವನ್ನೂ ಹೊರಗೆ ಹರಡಿದೆವು. ಬಟ್ಟೆಯನ್ನು ಒಗೆದು, ಪೂರ್ತಿ ಒಣಗಿಸಿಯೇ ಒಳಗಿಡಬೇಕು. ಒಮ್ಮೆ ಉಟ್ಟ ರೇಷ್ಮೆಯನ್ನು ಹಾಗೆಯೇ ಮಡಿಸಿಡಬಾರದು. ಪುಸ್ತಕಗಳನ್ನು ಗೋಡೆಗೆ ತಾಗದಂತೆ ಜೋಡಿಸಿದೆವು.

ಒಂದೇ ಹುಳು ಇದ್ದರೆ ಹಿಡಿಯುವುದೂ ಕಷ್ಟವಲ್ಲ. ಇಬ್ಬರು ಎರಡು ಕಡೆ ಸದ್ದಿಲ್ಲದೆ ಕುಳಿತುಕೊಳ್ಳಿ. ಕೂಗು ಮತ್ತೆ ಶುರುವಾದಾಗ ಇಬ್ಬರೂ ಸದ್ದು ಬಂದ ಕಡೆಗೆ ಕೈ ತೋರಿಸಿ. ಆ ಎರಡು ಗೆರೆ ಕೂಡುವ ಜಾಗದಲ್ಲಿ ಟಾರ್ಚ್ ಬಿಟ್ಟರೆ ಹುಳು ಸಿಗುತ್ತದೆ. ಗಾಜಿನ ಲೋಟ ಕವುಚಿ, ಅಡಿಯಲ್ಲಿ ರಟ್ಟು ತೂರಿಸಿ, ಮನೆಯಿಂದ ದೂರ ಬಿಟ್ಟುಬನ್ನಿ. ನಮ್ಮ ಮನೆಯಲ್ಲಿ ಈಗ ಇದು ಮಗಳ ಕೆಲಸ. ಹಲ್ಲಿಯನ್ನು ಓಡಿಸಬೇಡಿ, ಅದೂ ಸಣ್ಣ ಚಿಮ್ಮಂಡೆಗಳನ್ನು ತಿನ್ನುತ್ತದೆ. ಎರಡು ಮೂರು ವಾರಗಳಲ್ಲಿ ನಮ್ಮ ಮನೆ ಶಾಂತವಾಯಿತು.

ತಾಯಂದಿರೇ, ವಿಷದ ಬಗ್ಗೆ ಕೆಲವು ಮಾತುಗಳನ್ನು ದಯವಿಟ್ಟು ನೆನಪಿಡಿ. ತೋಟದ ಔಷಧಿ ತೋಟಕ್ಕೇ ಇರಲಿ, ಮನೆಯೊಳಗೆ ಬೇಡ. ತೋಟದಲ್ಲಿಯೂ ಅದು ಎಷ್ಟು ಅಪಾಯ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿನ ಎಷ್ಟೋ ತಾಯಂದಿರು ಇಂದಿಗೂ ಅಂಗವಿಕಲ ಮಕ್ಕಳನ್ನು ಎತ್ತಿಕೊಂಡೇ ಬದುಕುತ್ತಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆಯಿತು.

ಕೀಟನಾಶಕದ ಡಬ್ಬಿಯ ಮೇಲೆ ಓರೆಯಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಎಂದರೆ ಅತಿ ಹೆಚ್ಚಿನ ವಿಷ, ನಂತರ ಹಳದಿ, ನಂತರ ನೀಲಿ, ಹಸಿರು ಎಂದರೆ ಎಲ್ಲಕ್ಕಿಂತ ಕಡಿಮೆ. ಓದು ಬಾರದ ತಾಯಿಯೂ ಬಣ್ಣ ಗುರುತಿಸಬಲ್ಲಳು. ಚೀಟಿಯಿಲ್ಲದ ಬಾಟಲಿಯನ್ನು ಮನೆಗೆ ತರಲೇಬೇಡಿ. ನೀರಿನ, ಜ್ಯೂಸಿನ ಬಾಟಲಿಗೆ ವಿಷವನ್ನು ಸುರಿದಿಡಬೇಡಿ. ಜಿರಳೆಗೆ ಎಳೆಯುವ ವಿಷದ ಕಡ್ಡಿ ನೋಡಲು ನಮ್ಮ ಶಾಲೆಯ ಚಾಕ್ ಪೀಸಿನಂತೆಯೇ ಇರುತ್ತದೆ. ಮಕ್ಕಳಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನುಸಿಗುಳಿಗೆಯೂ ನಿರುಪದ್ರವಿಯಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನಾಫ್ತಲೀನ್ ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ, ರಕ್ತಹೀನತೆ ಬರುತ್ತದೆ. ಯಾವ ಮಗುವಿಗೆ ಈ ಕೊರತೆ ಇದೆ ಎಂದು ಹೊರನೋಟಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಹಸುಗೂಸಿನ ಬಟ್ಟೆಯ ನಡುವೆ ಅದನ್ನು ಹಾಕಬೇಡಿ.

ಅಕಸ್ಮಾತ್ ಅನಾಹುತವಾದರೆ ಮಗುವನ್ನು ಗಾಳಿ ಬರುವ ಕಡೆ ತನ್ನಿ. ವಿಷ ತಾಗಿದ ಬಟ್ಟೆ ತೆಗೆದು ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಔಷಧಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಹೋಗಿ.

ಕೊನೆಯದಾಗಿ, ಮಕ್ಕಳಿಗೆ ಈ ಹುಳುವಿನ ಭಯ ಕಲಿಸಬೇಡಿ, ಪಾಠ ಕಲಿಸಿ. ಸೆಕೆ ಹೆಚ್ಚಾದಂತೆ ಚಿಮ್ಮಂಡೆ ಬೇಗ ಬೇಗ ಕೂಗುತ್ತದೆ, ಚಳಿಯಲ್ಲಿ ನಿಧಾನ. 1897ರಲ್ಲಿ ಆಮೋಸ್ ಡಾಲ್ಬೇರ್ ಎಂಬ ಅಮೆರಿಕದ ವಿಜ್ಞಾನಿ ಈ ಕೂಗನ್ನು ಎಣಿಸಿ ಉಷ್ಣಾಂಶ ಲೆಕ್ಕ ಹಾಕುವ ಸೂತ್ರವನ್ನೇ ಬರೆದ. ನಿಮ್ಮ ಮಗು ಅಂಗಳದಲ್ಲಿ ಕುಳಿತು ಒಂದು ನಿಮಿಷಕ್ಕೆ ಎಷ್ಟು ಕೂಗು ಎಂದು ಎಣಿಸಿದರೆ ಅದು ವಿಜ್ಞಾನ, ಗಣಿತ ಎರಡೂ ಆಯಿತು.

ಶಿಕ್ಷಣ ಎಂದರೆ ಅಂಕಪಟ್ಟಿ ಮಾತ್ರವಲ್ಲ. ಡಬ್ಬಿಯ ಮೇಲಿನ ಚೀಟಿಯನ್ನು ಓದುವುದೂ ಶಿಕ್ಷಣ, ಮನೆಯ ಹಿರಿಯರ ಮಾತಿಗೆ ಕಿವಿಗೊಡುವುದೂ ಶಿಕ್ಷಣ. ನನಗೆ ಬಿ.ಎಡ್. ಪದವಿ ಕಲಿಸದಿದ್ದ ಈ ಪಾಠವನ್ನು ಮೂರು ದಿನದ ಆಸ್ಪತ್ರೆವಾಸ ಕಲಿಸಿತು. ನಿಮಗೆ ಅಷ್ಟು ದುಬಾರಿಯಾಗದಿರಲಿ ಎಂದು ಇಷ್ಟೆಲ್ಲಾ ಹೇಳಿದೆ. ಇಂದು ಮನೆಗೆ ಹೋದ ಮೇಲೆ ಸೌದೆಯ ರಾಶಿ ಎಲ್ಲಿದೆ ನೋಡಿ, ಚೀಟಿಯಿಲ್ಲದ ಬಾಟಲಿ ಇದೆಯೇ ನೋಡಿ.