ಗುಳಿಗೆ ತಲುಪದ ಜಾಗ



ಮಲ್ಲಾಪುರದಲ್ಲಿ ದತ್ತಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಕಾಳಿ ನದಿಯನ್ನೋ ಕುರಿತು ಮಾತಾಡುತ್ತಾರೆಂದು ನೀವು ಬಂದಿರಬಹುದು. ನಾನು ಎತ್ತಿಕೊಂಡಿರುವುದು ಸ್ಕಿಜೋಫ್ರೇನಿಯಾದಂಥ ಕಾಯಿಲೆ ಹೊಕ್ಕ ಮನೆಗಳಲ್ಲಿ ಕೇಳಿಬರುವ ಒಂದು ದೂರನ್ನು. "ಈಗ ಗಲಾಟೆ ಇಲ್ಲ. ಒಬ್ಬನೇ ಮಾತಾಡೂದೂ ನಿಂತಿದೆ. ಆದ್ರೆ ಅಂಗಡಿಯಿಂದ ನಾಲ್ಕು ಸಾಮಾನು ತಾ ಅಂದ್ರೆ ಎರಡು ತರ್ತಾನೆ. ಗುಳಿಗೆ ತಿಂದು ತಿಂದು ಸೋಮಾರಿ ಆಗಿಬಿಟ್ಟ."

ಸೋಮಾರಿತನ ಅಲ್ಲ ಎಂಬುದು ನನ್ನ ವಾದ. ಹೇಳಿದ್ದನ್ನು ಅಂಗಡಿ ತಲುಪುವವರೆಗೆ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ದಾರಿಯಲ್ಲಿ ಯಾರಾದರೂ ಮಾತಾಡಿಸಿದರೂ ಅದನ್ನು ಬಿಡದಿರುವುದು, ಒಂದು ಸಾಮಾನು ಸಿಗದಿದ್ದರೆ ಬದಲಿಗೆ ಏನು ತರಬೇಕೆಂದು ಯೋಚಿಸುವುದು, ಇವು ಬೇರೆ ಬೇರೆ ಸಾಮರ್ಥ್ಯಗಳು. ಕಾಯಿಲೆ ಇವನ್ನೂ ತಟ್ಟುತ್ತದೆ. ಮನೋವೈದ್ಯ ಕ್ರೇಪೆಲಿನ್ ಈ ರೋಗವನ್ನು ಎಳೆವಯಸ್ಸಿನ ಬುದ್ಧಿಕ್ಷಯವೆಂದೇ ಕರೆದಿದ್ದ. ಬ್ಲಾಯ್ಲರ್ ಎಂಬ ಇನ್ನೊಬ್ಬ ಮನೋವೈದ್ಯ 1908ರಲ್ಲಿ ಆ ಹೆಸರನ್ನು ಸ್ಕಿಜೋಫ್ರೇನಿಯಾ ಎಂದು ಬದಲಿಸಿದ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಬಂದ ಮೇಲೆ ಕಿವಿಯಲ್ಲಿ ಕೇಳುವ ದನಿಗಳೂ ಸಂಶಯಗಳೂ ಅಡಗತೊಡಗಿದವು, ಎಲ್ಲರ ಗಮನವೂ ಅತ್ತ ಹೋಯಿತು. ಮೈಕೆಲ್ ಗ್ರೀನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದು 1996ರಲ್ಲಿ. ರೋಗಿ ಸಮಾಜದಲ್ಲಿ ಹೇಗೆ ಬದುಕುತ್ತಾನೆ, ಹೊಸ ಕೆಲಸ ಎಷ್ಟು ಕಲಿಯುತ್ತಾನೆ ಎಂಬುದಕ್ಕೆ ನೆನಪು ಮತ್ತು ಗಮನದೊಂದಿಗೆ ಇದ್ದ ನಂಟು ಆ ದನಿಗಳೊಂದಿಗೆ ಇರಲಿಲ್ಲ. ದನಿ ನಿಂತರೂ ಕೆಲಸ ಕೈಗೆ ಹತ್ತದಿರುವುದಕ್ಕೆ ಕಾರಣದ ಒಂದು ಭಾಗ ಇಲ್ಲಿದೆ.

ಗುಳಿಗೆಯ ವಿಷಯದಲ್ಲೇ ಒಂದು ಮಾತು. ಮನೋರೋಗದ ಔಷಧದಿಂದ ಕೈ ನಡುಗಿದರೆ, ಮೈ ಬಿಗಿದರೆ ಅದಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಕೊಡುತ್ತಾರೆ. ಔಷಧದಂಗಡಿಯಲ್ಲಿ ಪ್ಯಾಸಿಟೇನ್ ಎಂದರೆ ಹೆಚ್ಚಿನವರಿಗೆ ಗೊತ್ತು. ನಡುಕ ಇಳಿಸುವ ಇದೇ ಗುಳಿಗೆ ನೆನಪನ್ನೂ ಮಂಕಾಗಿಸಬಲ್ಲದು. ಅಗತ್ಯ ಮುಗಿದ ಮೇಲೂ ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ಮುಂದುವರಿಯುವುದೂ ಉಂಟು. ತಾವಾಗಿ ನಿಲ್ಲಿಸಬೇಡಿ, ಆದರೆ "ಇದು ಇನ್ನೂ ಬೇಕೇ ಡಾಕ್ಟರೇ?" ಎಂದು ಕೇಳಿ. ಆ ಪ್ರಶ್ನೆಗೆ ಸಿಡಿಮಿಡಿಗೊಳ್ಳುವ ವೈದ್ಯರಿದ್ದರೆ ಇನ್ನೊಮ್ಮೆ ಕೇಳಿ.

ಯೋಚನೆಯ ಶಕ್ತಿಯನ್ನು ಮತ್ತೆ ತಿದ್ದಿ ಬೆಳೆಸಬಹುದೇ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಜೊತೆಗಾರರು ಇದರ ಮೇಲೆ ಬಹುಕಾಲ ಕೆಲಸ ಮಾಡಿದ್ದಾರೆ. ತಲೆಗೆ ಪೆಟ್ಟಾದವರಿಗೂ ಮನೋರೋಗಿಗಳಿಗೂ ಅಲ್ಲಿ ಕೊಡುವ ಮರುತರಬೇತಿಯ ಸಾಮಗ್ರಿ ನೋಡಿದರೆ ನಿಮಗೆ ನಗು ಬರಬಹುದು. ಬೆರೆಸಿಟ್ಟ ಕಾಳುಗಳನ್ನು ಬೇರೆ ಮಾಡುವುದು. ಅಚ್ಚಾದ ಹಾಳೆಯಲ್ಲಿ ಹೇಳಿದ ಅಕ್ಷರ ಬಂದಲ್ಲೆಲ್ಲ ಗೀಟು ಹಾಕುವುದು. ಗುಟ್ಟು ಇರುವುದು ಕಾಳಿನಲ್ಲಲ್ಲ, ಏರಿಕೆಯ ಕ್ರಮದಲ್ಲಿ. ಮೊದಲು ಎರಡು ಬಗೆಯ ಕಾಳು, ಅದೂ ದೊಡ್ಡದು ಸಣ್ಣದು ಎಂದು ಥಟ್ಟನೆ ಗೊತ್ತಾಗುವಂಥದ್ದು. ಎಷ್ಟು ಹೊತ್ತಾಯಿತು, ಎಷ್ಟು ತಪ್ಪಿತು ಎಂದು ಬರೆದಿಡಬೇಕು. ಅದು ಸಲೀಸಾದ ಮೇಲಷ್ಟೇ ಮೂರನೆಯದು. ಸೋಲುವಷ್ಟು ಕಷ್ಟ ಕೊಡಬಾರದು, ಬೇಸರ ಬರುವಷ್ಟು ಸುಲಭವೂ ಆಗಬಾರದು.

2012ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಶಾಂತಲಾ ಹೆಗಡೆ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಕಾಯಿಲೆ ಮೊದಲ ಸಲ ಕಾಣಿಸಿಕೊಂಡ 45 ಮಂದಿ. ಒಂದು ಗುಂಪಿಗೆ ಎಂದಿನ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಎರಡು ತಿಂಗಳು ಮನೆಯಲ್ಲೇ ಮಾಡುವ ತರಬೇತಿ. ಎರಡು ವಿಷಯದ ಮೇಲೆ ಒಟ್ಟಿಗೆ ಗಮನ ಇಡುವುದು, ಯೋಚನೆಯ ದಾರಿ ಬದಲಿಸುವುದು, ಯೋಜನೆ ಹಾಕುವುದು, ಇವುಗಳಲ್ಲಿ ಎರಡನೆಯ ಗುಂಪು ಸುಧಾರಿಸಿತು. ಚಿಕ್ಕ ಅಧ್ಯಯನ, ಅದರ ಮೇಲೆ ಮಹಲು ಕಟ್ಟಲಾಗದು. ಆದರೂ ಅದು ನಮಗೆ ಮುಖ್ಯ, ಏಕೆಂದರೆ ಬೆಂಗಳೂರು ಇಲ್ಲಿಂದ ಐನೂರು ಕಿಲೋಮೀಟರ್ ಆಚೆ. ದಿನಾ ಆಸ್ಪತ್ರೆಗೆ ಹೋಗಿ ಕಲಿಯುವ ಪದ್ಧತಿ ಕದ್ರಾದ ಮನೆಗೋ ಅಂಕೋಲೆಯ ಕೊಪ್ಪಕ್ಕೋ ಒದಗುವುದಿಲ್ಲ. ಮನೆಗೆ ಬರುವ ಪದ್ಧತಿ ಒದಗೀತು.

ಇಷ್ಟು ಹೇಳಿದರೆ ನಾಳೆಯಿಂದಲೇ ಮಗನ ಕೈಗೆ ಮೊಬೈಲ್ ಆಟ ಕೊಟ್ಟು "ಬುದ್ಧಿ ಬೆಳೆಯಲಿ" ಎನ್ನುವವರಿದ್ದಾರೆ. ಆಟ ಆಡಿದವನು ಆ ಆಟದಲ್ಲಿ ಜಾಣನಾಗುತ್ತಾನೆ, ಅಷ್ಟೆ. ಲಂಡನ್ನಿನ ಟಿಲ್ ವೈಕ್ಸ್ ತಂಡ 2011ರಲ್ಲಿ 40 ಅಧ್ಯಯನಗಳನ್ನು, ಎರಡು ಸಾವಿರಕ್ಕೂ ಹೆಚ್ಚು ಜನರ ಫಲಿತಾಂಶಗಳನ್ನು ಸೇರಿಸಿ ತೂಗಿತು. ಯೋಚನಾಶಕ್ತಿಯಲ್ಲಿ ಲಾಭ ಸಾಧಾರಣ ಮಟ್ಟದ್ದು. ದಿನದ ಬದುಕಿನಲ್ಲಿ ಅದು ಹೆಚ್ಚು ಕಂಡದ್ದು ತರಬೇತಿಯನ್ನು ಪುನರ್ವಸತಿಯ ಜೊತೆ ಕಟ್ಟಿ, ಕೆಲಸ ಮಾಡುವ ಉಪಾಯವನ್ನೂ ಕಲಿಸಿದ ಕಡೆ. ಬೆಳಿಗ್ಗೆ ಕಾಳು ಆರಿಸಿದವನನ್ನು ಸಂಜೆ ಅಂಗಡಿಗೆ ಕಳಿಸದಿದ್ದರೆ ಕಾಳು ಆರಿಸಿದ್ದು ಹೆಚ್ಚು ದೂರ ಬಾರದು.

ಉಪಾಯ ಎಂದೆ. ಈ ಊರಿನವರಿಗೆ ಅದನ್ನು ವಿವರಿಸುವುದು ಸುಲಭ. ನಮ್ಮ ಕೈಗಾ ಅಣುಸ್ಥಾವರದ ಒಂದನೆಯ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿತು, ಆಗ ಅದು ವಿಶ್ವದಾಖಲೆ. ಅಣುಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಕೂತವರು ನೆನಪಿನ ಬಲದಿಂದ ಅದನ್ನು ಓಡಿಸುವುದಿಲ್ಲ. ಬರೆದಿಟ್ಟ ಕ್ರಮವನ್ನು ನೋಡಿಕೊಂಡು ಮಾಡುತ್ತಾರೆ. ಅವರಿಗೆ ಬುದ್ಧಿ ಸಾಲದೆಂದು ನಾವ್ಯಾರೂ ಅನ್ನುವುದಿಲ್ಲ. ಅವರು ವಾಸಿಸುವ ಕಾಲನಿಯಲ್ಲೇ ಕಾಯಿಲೆಯಿಂದ ಎದ್ದ ಹುಡುಗ ಚೀಟಿ ನೋಡಿ ಸಾಮಾನು ಕೊಂಡರೆ ಮಾತ್ರ ನಮಗೆ ಪಾಪ ಅನ್ನಿಸುತ್ತದೆ! ಗೋಡೆಗೆ ದಿನಚರಿ, ಜೇಬಿಗೆ ಚೀಟಿ, ಫೋನಿನಲ್ಲಿ ಅಲಾರಂ: ಇವೂ ಚಿಕಿತ್ಸೆಯೇ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಅದನ್ನು ಅವನ ಬಾಯಲ್ಲಿ ಒಮ್ಮೆ ಹೇಳಿಸಿ ಕಳಿಸಿ.

ನೆನಪು, ಗಮನಗಳಾಚೆ ಇನ್ನೊಂದಿದೆ, ಥಟ್ಟನೆ ತೀರ್ಮಾನಕ್ಕೆ ಹಾರುವ ಅಭ್ಯಾಸ. 1988ರಲ್ಲಿ ಲಂಡನ್ನಿನಲ್ಲಿ ಸಂಶೋಧಕರು ಬಣ್ಣದ ಮಣಿಗಳನ್ನು ಒಂದೊಂದಾಗಿ ತೋರಿಸಿ, ಇವು ಎರಡು ಜಾಡಿಗಳಲ್ಲಿ ಯಾವುದರವು ಎಂದು ಕೇಳಿದರು. ಭ್ರಮೆ ಇದ್ದವರು ಉಳಿದವರಿಗಿಂತ ಕಡಿಮೆ ಮಣಿ ನೋಡಿ ಉತ್ತರಿಸಿದರು. ಹ್ಯಾಂಬರ್ಗಿನ ಸ್ಟೆಫೆನ್ ಮೋರಿಟ್ಸ್ ಮತ್ತು ಸಂಗಡಿಗರು ಈ ಅಭ್ಯಾಸವನ್ನು ಗುಂಪಿನಲ್ಲಿ ಕೂತು ತಿದ್ದಿಕೊಳ್ಳುವ ಪಾಠಗಳನ್ನು ಮಾಡಿ ಉಚಿತವಾಗಿ ಹಂಚಿದ್ದಾರೆ. ಸಾಕ್ಷಿ ಸಾಲದೆ ತೀರ್ಪು ಕೊಡುವ ರೋಗ ಕಾಯಿಲೆ ಇಲ್ಲದವರಲ್ಲೂ ಬೇಕಾದಷ್ಟಿದೆ, ಆ ಮಾತು ಇನ್ನೊಂದು ಉಪನ್ಯಾಸಕ್ಕಿರಲಿ.

ಇನ್ನು ಚಿಕಿತ್ಸೆಗೆ ಹೋಗುವುದು ಎಲ್ಲಿಗೆ? ಧಾರವಾಡದಲ್ಲಿ ಹುಚ್ಚಾಸ್ಪತ್ರೆ 1845ರಿಂದಲೇ ಇತ್ತು, ಈಗಿನ ಡಿಮ್ಹಾನ್ಸ್ ಅದರದೇ ಮುಂದುವರಿಕೆ. ಚಿಕಿತ್ಸೆಯೆಂದರೆ ಘಟ್ಟ ಹತ್ತುವುದು ಎಂಬ ಕಾಲ ಈಗಿಲ್ಲ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಫೋನಿನಲ್ಲಿ ಕೇಳುವುದಾದರೆ ಟೆಲಿ ಮನಸ್, 14416. ಆದರೆ ಸಾಲು ಉದ್ದವಿದ್ದಾಗ ವೈದ್ಯರು ಕೇಳುವುದು "ನಿದ್ದೆ ಬರುತ್ತದೆಯೇ, ಊಟ ಮಾಡುತ್ತಾನೆಯೇ" ಎಂದಷ್ಟೇ. ಮರೆವಿನ ಮಾತನ್ನು ನೀವೇ ಎತ್ತಬೇಕು.

ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋದಾಗಲೂ ಅಷ್ಟೇ. ಮಾನಸಿಕ ಕಾಯಿಲೆಯ ಅಳತೆಗೆ ಬಳಸುವ ಐಡಿಯಾಸ್ ಮಾಪನದಲ್ಲಿ ಸ್ವಂತದ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂದು ನಾಲ್ಕು ಭಾಗಗಳಿವೆ. ಮೂರನೆಯದರ ಸರದಿ ಬಂದಾಗ ಮಾನ ಹೋದೀತೆಂದು "ಎಲ್ಲಾ ಸರಿ ಇದೆ" ಎಂದುಬಿಟ್ಟರೆ ಶೇಕಡಾ 40ರ ಮಿತಿ ತಲುಪದೆ ಸೌಲಭ್ಯ ತಪ್ಪಿಹೋಗಬಹುದು. ಹೋಗುವ ಮುಂಚೆ ಒಂದಷ್ಟು ದಿನ, ಏನು ಹೇಳಿದಿರಿ, ಅವನು ಏನು ಮಾಡಿದ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಅದನ್ನೇ ತೋರಿಸಿ.